ತಾರಸಿಯ ಕಾವು ತಡೆಯಲು ಯಾವುದನ್ನು ಆಯಬೇಕು: ಸುಣ್ಣವೇ, ಇಟ್ಟಿಗೆಚೂರೇ, ಥರ್ಮೋಕೋಲೇ, ನೆರಳೇ?

ಏಪ್ರಿಲ್ ತಿಂಗಳ ಒಂದು ರಾತ್ರಿ, ಒಂಬತ್ತೂವರೆಯ ಹೊತ್ತಿಗೆ, ಕಲಬುರಗಿಯ ನಮ್ಮ ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು ಛಾವಣಿಯ ಒಳಮೈಗೆ ಅಂಗೈ ಒತ್ತಿ ನೋಡಿದ್ದೆ. ಹೊರಗೆ ಸೂರ್ಯ ಮುಳುಗಿ ಮೂರು ತಾಸಿಗೆ ಹತ್ತಿರವಾಗಿತ್ತು, ಅಂಗಳದಲ್ಲಿ ಗಾಳಿ ಆಡತೊಡಗಿತ್ತು. ಆದರೆ ಕಾಂಕ್ರೀಟು ಮಾತ್ರ ರೊಟ್ಟಿ ಬೇಯಿಸಿ ಇಳಿಸಿಟ್ಟ ಹಂಚಿನ ಹಾಗೆ ಇನ್ನೂ ಕಾವು ಬಿಡುತ್ತಿತ್ತು. ಅದೇ ಕೋಣೆಯ ಉತ್ತರದ ಗೋಡೆ ಮುಟ್ಟಿದರೆ ತಣ್ಣಗಿತ್ತು. ಫ್ಯಾನು ಮೇಲಿನ ಆ ಕಾವನ್ನೇ ಕೆಳಗೆ ತಳ್ಳುತ್ತಿತ್ತು. ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿ ಬೇಸಿಗೆ ಕಳೆಯುವ ಎಲ್ಲರಿಗೂ ಗೊತ್ತಿರುವ ಅನುಭವವಿದು. ಇದಕ್ಕೆ ಪರಿಹಾರ ಹುಡುಕುವಾಗ ಗೌಂಡಿ ಒಂದು ಹೇಳುತ್ತಾನೆ, ಬಣ್ಣದ ಅಂಗಡಿಯವರು ಇನ್ನೊಂದು ಹೇಳುತ್ತಾರೆ, ಪಕ್ಕದ ಮನೆಯವರು ಮತ್ತೊಂದನ್ನು ಮಾಡಿ ತೋರಿಸುತ್ತಾರೆ. ಯಾವ ವಿಧಾನ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಒಂದರ ಪಕ್ಕ ಒಂದಿಟ್ಟು ನೋಡದೆ ಹಣ ಹಾಕಿದರೆ, ಮುಂದಿನ ಏಪ್ರಿಲ್‌ನಲ್ಲಿ ಅದೇ ಸ್ಟೂಲಿನ ಮೇಲೆ ನಿಲ್ಲಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಬೇಸಿಗೆಯ ಬಿಸಿಲು ಗೋಡೆಗಿಂತ ತಾರಸಿಯ ಮೇಲೆ ಹೆಚ್ಚು ಬೀಳುವುದಕ್ಕೆ ಸರಳವಾದ ಕಾರಣವಿದೆ. ಕರ್ನಾಟಕವು ಸಂಪೂರ್ಣವಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ವರ್ಷಕ್ಕೆ ಎರಡು ಬಾರಿ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಆಸುಪಾಸಿನಲ್ಲಿ, ಕಲಬುರಗಿಯಲ್ಲಿ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ, ಅಂದರೆ ಸರಿಯಾಗಿ ಕಡುಬೇಸಿಗೆಯಲ್ಲಿ. ಆಗ ಮಧ್ಯಾಹ್ನದ ಬಿಸಿಲು ಗೋಡೆಗಳನ್ನು ಸವರಿಕೊಂಡು ಹೋಗುತ್ತದೆ, ತಾರಸಿಯ ಮೇಲೆ ನೇರವಾಗಿ ಬೀಳುತ್ತದೆ. ಮಾಸಿದ ಸಿಮೆಂಟಿನ ಮೈಯು ತನ್ನ ಮೇಲೆ ಬಿದ್ದ ಬಿಸಿಲಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೀರಿಕೊಳ್ಳುವುದರಿಂದ ಅದರ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಬಿಸಿಲುನಾಡಿನಲ್ಲಿ ಅಪರೂಪವಲ್ಲ.

ಹೋಲಿಕೆಗೆ ಒಂದು ಅಳತೆಗೋಲು ಬೇಕು. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಮೇಲೆ ಆರು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಮಾತ್ರ ಇದೆ, ಹೊರಮೈ 60 ಡಿಗ್ರಿ, ಒಳಗಿನ ಗಾಳಿ 30 ಡಿಗ್ರಿ ಎಂದುಕೊಂಡರೆ, ಒಳಗೆ ಇಳಿಯುವ ಶಾಖ ಸುಮಾರು 1,200 ವ್ಯಾಟ್ ಆಗುತ್ತದೆ. ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯೊಂದನ್ನು ಕೋಣೆಯಲ್ಲಿ ಆರಿಸದೆ ಬಿಟ್ಟ ಹಾಗೆ. ಇದು ಉಷ್ಣತೆ ಬದಲಾಗದೆ ನಿಂತಿದೆ ಎಂದುಕೊಂಡು ಮಾಡಿದ ಲೆಕ್ಕ. ನಿಜದಲ್ಲಿ ಸ್ಲ್ಯಾಬು ತಾಸಿನಿಂದ ತಾಸಿಗೆ ಬದಲಾಗುತ್ತದೆ, ಮಧ್ಯಾಹ್ನ ಕುಡಿದ ಶಾಖವನ್ನು ನಾಲ್ಕೈದು ತಾಸು ತಡವಾಗಿ ಕೆಳಗೆ ಬಿಡುತ್ತದೆ. ಆದರೂ ಒಂದು ವಿಧಾನವನ್ನು ಇನ್ನೊಂದರ ಜೊತೆ ತೂಗಲು ಈ ಲೆಕ್ಕ ಸಾಕು. ಮುಂದೆ ಬರುವ ಅಂಕಿಗಳೆಲ್ಲ ಇದೇ ಕೋಣೆಯವು.

ಬಿಸಿಲನ್ನು ಹಿಂದಕ್ಕೆ ಕಳಿಸುವುದು

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಬೇಗ ಮಾಡಬಹುದಾದ ಕೆಲಸವೆಂದರೆ ತಾರಸಿಯನ್ನು ಬಿಳಿ ಮಾಡುವುದು. ಬಿಳಿ ಮೈ ಬಿಸಿಲಿನ ಬಹುಪಾಲನ್ನು ಹಿಂದಿರುಗಿಸುವುದರಿಂದ 60 ಡಿಗ್ರಿ ಮುಟ್ಟಬೇಕಿದ್ದ ಕಾಂಕ್ರೀಟು 45ರ ಆಸುಪಾಸಿನಲ್ಲಿ ನಿಂತರೆ, ನಮ್ಮ ಕೋಣೆಗೆ ಇಳಿಯುವ ಶಾಖ 1,200ರಿಂದ ಸುಮಾರು 600 ವ್ಯಾಟಿಗೆ, ಅಂದರೆ ಅರ್ಧಕ್ಕೆ ಬರುತ್ತದೆ. ನೆರೆಯ ತೆಲಂಗಾಣವು 2023ರಲ್ಲಿ ತಂಪು ಛಾವಣಿಗಾಗಿಯೇ ಒಂದು ನೀತಿಯನ್ನು ತಂದಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳು ಆ ರಾಜ್ಯಕ್ಕೆ ತಾಗಿಕೊಂಡೇ ಇವೆ, ಬಿಸಿಲೂ ಒಂದೇ.

ಬಿಳಿ ಮಾಡಲು ಮೂರು ದಾರಿಗಳಿವೆ. ಸುಣ್ಣದ ದಾರಿ ಹಳೆಯದು: ಸುಣ್ಣವನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ತಾರಸಿಯನ್ನು ಗುಡಿಸಿ ತೊಳೆದು, ನೆಲ ಇನ್ನೂ ಹಸಿಯಾಗಿರುವಾಗಲೇ ಇಳಿಬಿಸಿಲಿನಲ್ಲಿ ಎರಡು ಮೂರು ಕೈ ಬಳಿಯಬೇಕು. ಮಳೆಗಾಲದಲ್ಲಿ ಇದು ತೊಳೆದುಹೋಗುತ್ತದೆ ಎಂಬುದನ್ನು ಅನೇಕರು ದೋಷವೆಂದು ಎಣಿಸುತ್ತಾರೆ. ನನಗೆ ಅದು ದೊಡ್ಡ ದೋಷವಾಗಿ ಕಾಣುವುದಿಲ್ಲ. ಫೆಬ್ರುವರಿಯಲ್ಲಿ ಬಳಿದದ್ದು ಜೂನ್‌ವರೆಗೆ ನಿಂತರೆ ಬೇಕಾದ ನಾಲ್ಕು ತಿಂಗಳಿಗೆ ಬೇಕಾದ ಕೆಲಸ ಆಯಿತು, ಬಾಡಿಗೆ ಮನೆಯವರೂ ತಮ್ಮ ಕೈಯಿಂದಲೇ ಮಾಡಿಕೊಳ್ಳಬಹುದು. ತಂಪು ಛಾವಣಿಯ ಬಣ್ಣಗಳು ಸುಣ್ಣಕ್ಕಿಂತ ಹಲವು ಪಟ್ಟು ದುಬಾರಿ. ಅವು ಕೆಲವು ವರ್ಷ ಬಾಳುತ್ತವೆ, ಕೂದಲೆಳೆಯ ಬಿರುಕುಗಳನ್ನೂ ಮುಚ್ಚುತ್ತವೆ. ಡಬ್ಬಿಯ ಮೇಲೆ ಎಸ್‌ಆರ್‌ಐ ಎಂಬ ಸೂಚ್ಯಂಕ ಇದೆಯೇ ನೋಡಿ. ಮಾದರಿ ಕಪ್ಪು ಮೈಗೆ 0, ಮಾದರಿ ಬಿಳಿ ಮೈಗೆ 100 ಎಂದಿಟ್ಟ ಅಳತೆ ಅದು. ಅಂಕ ಮೇಲಿದ್ದಷ್ಟೂ ಮೈ ತಣ್ಣಗಿರುತ್ತದೆ. ಮೂರನೆಯದು ಬಿಳಿ ಹೆಂಚು ಅಥವಾ ಒಡೆದ ಪಿಂಗಾಣಿ ಚೂರುಗಳ ಹಾಸು. ಇದು ಓಡಾಟಕ್ಕೂ ಗಟ್ಟಿ, ತೊಳೆಯಲೂ ಸುಲಭ. ಆದರೆ ನುಣುಪು ಹೆಂಚು ಮಳೆಯಲ್ಲಿ ಕಾಲು ಜಾರಿಸುತ್ತದೆ, ಪಕ್ಕದ ಎತ್ತರದ ಮನೆಯವರ ಕಣ್ಣಿಗೆ ಕುಕ್ಕುತ್ತದೆ.

ಬಿಳುಪಿನ ನಿಜವಾದ ಶತ್ರು ಧೂಳು. ಕಪ್ಪುಮಣ್ಣಿನ ಸೀಮೆಯಲ್ಲಿ ಮಾರ್ಚ್ ಕಳೆಯುವುದರೊಳಗೆ ಬಿಳಿ ತಾರಸಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಬೇಸಿಗೆಯಲ್ಲಿ ಎರಡು ಸಲವಾದರೂ ಗುಡಿಸಿ ಒರೆಸದಿದ್ದರೆ ಅರ್ಧ ಲಾಭ ಅಲ್ಲೇ ಹೋಯಿತು. ಕರಾವಳಿಯಲ್ಲಿ ಧೂಳಿನ ಜಾಗಕ್ಕೆ ಪಾಚಿ ಬರುತ್ತದೆ: ಒಂದು ಮಳೆಗಾಲ ಕಳೆದರೆ ಬಿಳಿ ತಾರಸಿ ಕಪ್ಪಾಗಿರುತ್ತದೆ. ಹಾಗಾಗಿ ಅಲ್ಲಿ ಬಿಳಿ ಬಣ್ಣವನ್ನು ಮೊದಲ ಆಯ್ಕೆಯೆಂದು ನಾನು ಹೇಳಲಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ತಾರಸಿಗೆ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ, ಹಾಸಿದರೆ ತಂಪು ಎಂಬ ನಂಬಿಕೆ ಇದೆ. ಮನೆಯೊಳಗೆ ಬರಿಗಾಲಿಗೆ ಫರ್ಸಿ ತಣ್ಣಗೆ ಹತ್ತುವುದು ನಿಜ. ಆದರೆ ಬಿಸಿಲಿಗೆ ಬಿದ್ದ ಫರ್ಸಿಯ ಕಥೆ ಬೇರೆ. ಅದರ ಬಣ್ಣ ಗಾಢ, ಮೈ ದಟ್ಟ. ಬಿಸಿಲನ್ನು ಹೀರಿ ಕೆಳಗಿನ ಸ್ಲ್ಯಾಬಿಗೆ ಸಲೀಸಾಗಿ ದಾಟಿಸುತ್ತದೆ.

ದಪ್ಪ ಹಾಸು, ಮತ್ತು ಅಜ್ಜನ ಮಾಳಿಗೆಯ ಮಾತು

ತಾರಸಿಯ ಮೇಲೆ ಕೋಬಾ, ಅಂದರೆ ಇಟ್ಟಿಗೆಚೂರನ್ನು ಗಾರೆಯಲ್ಲಿ ಕೂರಿಸಿದ ದಪ್ಪ ಹಾಸು, ಹಾಕಿಸಿದರೆ ಮನೆ ತಂಪಾಗುತ್ತದೆ ಎಂದು ಬಹುತೇಕ ಎಲ್ಲ ಮೇಸ್ತ್ರಿಗಳೂ ಹೇಳುತ್ತಾರೆ. ಇಳಿಜಾರು ಕೊಟ್ಟು ನೀರು ಹರಿಸಲು, ಜಲನಿರೋಧಕ ಪದರವನ್ನು ಕಾಪಾಡಲು ಕೋಬಾ ಒಳ್ಳೆಯದೇ. ಆದರೆ ಶಾಖದ ಲೆಕ್ಕದಲ್ಲಿ ನಾಲ್ಕು ಇಂಚಿನ ಕೋಬಾ ನಮ್ಮ ಕೋಣೆಯ 1,200 ವ್ಯಾಟನ್ನು ಸುಮಾರು 850ಕ್ಕೆ ಇಳಿಸುತ್ತದೆ ಅಷ್ಟೆ. ಅದಕ್ಕಾಗಿ ಸ್ಲ್ಯಾಬಿನ ಮೇಲೆ ಚದರ ಮೀಟರಿಗೆ ಇನ್ನೂರು ಕೆ.ಜಿ.ಗೆ ಹತ್ತಿರದ ಭಾರ ಬಿದ್ದಿರುತ್ತದೆ. ಉತ್ತರ ಭಾರತದ ಒಣ ಸೀಮೆಗಳಲ್ಲಿ ರೂಢಿಯಲ್ಲಿರುವ ಮಣ್ಣಿನ ಹಾಸು, ಅಂದರೆ ಹುಲ್ಲು ಬೆರೆಸಿ ತುಳಿದ ಮಣ್ಣನ್ನು ನಾಲ್ಕು ಇಂಚು ಹಾಸಿ ಮೇಲೆ ಇಟ್ಟಿಗೆ ಬಿಲ್ಲೆ ಕೂರಿಸುವ ‘ಮಡ್ ಫಸ್ಕಾ’, ಇದಕ್ಕಿಂತ ಸ್ವಲ್ಪ ವಾಸಿ. ಭಾರದ ಮಾತು ಅದಕ್ಕೂ ತಪ್ಪಿದ್ದಲ್ಲ.

ಇಲ್ಲಿ ಯಾರಾದರೂ ಮಾಳಿಗೆ ಮನೆಯ ಮಾತು ತೆಗೆಯುತ್ತಾರೆ. ತೊಲೆ, ಜಂತೆ, ಅದರ ಮೇಲೆ ಒತ್ತಾಗಿ ಹರಡಿದ ಕಟ್ಟಿಗೆ, ಅದರ ಮೇಲೆ ಒಂದು ಅಡಿಯವರೆಗೆ ಮಣ್ಣು, ಮಳೆಗಾಲಕ್ಕೆ ಮುಂಚೆ ಮತ್ತೆ ಸವುಳು ಮಣ್ಣು: ಅಂಥ ಮನೆಯಲ್ಲಿ ಬೆಳೆದವರು ಅದರ ತಂಪನ್ನು ಮರೆಯುವುದಿಲ್ಲ, ನಾನೂ ಮರೆತಿಲ್ಲ. ಆ ತಂಪು ಭ್ರಮೆಯಲ್ಲ. ಒಂದು ಅಡಿ ಮಣ್ಣು ಶಾಖಕ್ಕೆ ಒಡ್ಡುವ ತಡೆ ನಾಲ್ಕು ಇಂಚಿನ ಕೋಬಾ ಒಡ್ಡುವುದರ ನಾಲ್ಕು ಪಟ್ಟಿಗಿಂತ ಹೆಚ್ಚು. ಮಧ್ಯಾಹ್ನದ ಕಾವು ಕೆಳಗೆ ಇಳಿಯುವ ಹೊತ್ತಿಗೆ ರಾತ್ರಿ ಬಹಳವಾಗಿರುತ್ತಿತ್ತು, ಆಗ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಹಾಸಿಕೊಂಡು ಮಲಗಿರುತ್ತಿದ್ದರು. ಇಂದಿನ ಮೇಲಂತಸ್ತಿನಲ್ಲಿ ನಾವು ರಾತ್ರಿ ಒಳಗೇ ಮಲಗುತ್ತೇವೆ. ದಪ್ಪ, ಭಾರದ ಪದರವು ಕಾವನ್ನು ಮುಂದೂಡುತ್ತದೆ, ಅಳಿಸುವುದಿಲ್ಲ. ಹಗಲು ಮಾತ್ರ ಬಳಸುವ ಕೋಣೆಗೆ ಇದರಿಂದ ಲಾಭವಿದೆ, ಮಲಗುವ ಕೋಣೆಗೆ ಇದೇ ಮುಳುವಾಗುತ್ತದೆ. ನಿಮ್ಮನ್ನು ಕಾಡುವುದು ಮಧ್ಯಾಹ್ನದ ಝಳವೇ, ರಾತ್ರಿಯ ಧಗೆಯೇ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಹಗುರ ಹಲಗೆಯ ತಡೆ

ಶಾಖ ಹರಿಯದಂತೆ ನಿಜವಾಗಿ ತಡೆಯುವ ಕೆಲಸ ಮಾಡುವುದು ನಿಂತ ಗಾಳಿ. ಥರ್ಮೋಕೋಲ್, ಎಕ್ಸ್‌ಪಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ನೊರೆಯ ಹಲಗೆ, ಪಫ್ ಎಂಬ ಸಿಂಪಡಿಸುವ ನೊರೆ, ಇವೆಲ್ಲವೂ ಗಾಳಿ ಅಥವಾ ಅನಿಲವನ್ನು ಸಣ್ಣ ಸಣ್ಣ ಗುಳ್ಳೆಗಳಲ್ಲಿ ಕಟ್ಟಿಹಾಕುವ ಉಪಾಯಗಳು. ಒಂದಿಂಚು ಎಕ್ಸ್‌ಪಿಎಸ್ ಹಲಗೆ ಒಡ್ಡುವ ತಡೆಯು ಮೇಲೆ ಹೇಳಿದ ಒಂದು ಅಡಿ ಮಣ್ಣಿಗಿಂತ ಹೆಚ್ಚು, ತೂಕ ಚದರ ಮೀಟರಿಗೆ ಒಂದು ಕೆ.ಜಿ.ಯೂ ಇಲ್ಲ. ನಮ್ಮ ಕೋಣೆಗೆ ಒಂದಿಂಚು ಹಾಸಿದರೆ 1,200 ವ್ಯಾಟು ಸುಮಾರು 300ಕ್ಕೆ ಇಳಿಯುತ್ತದೆ, ಎರಡು ಇಂಚು ಹಾಸಿದರೆ 175ರ ಹತ್ತಿರಕ್ಕೆ. ಮೊದಲ ಇಂಚಿನಲ್ಲಿ ಒಂಬೈನೂರು ಕಡಿಮೆಯಾಯಿತು, ಎರಡನೆಯದರಲ್ಲಿ ನೂರಿಪ್ಪತ್ತೈದು. ಹೀಗಾಗಿ ಕೈಯಲ್ಲಿ ಹಣ ಕಡಿಮೆಯಿದ್ದರೆ ಅರ್ಧ ತಾರಸಿಗೆ ಎರಡು ಇಂಚು ಹಾಕಿಸುವುದಕ್ಕಿಂತ ಇಡೀ ತಾರಸಿಗೆ ಒಂದಿಂಚು ಹಾಕಿಸುವುದು ಜಾಣತನ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯು ವಾಸದ ಕಟ್ಟಡಗಳ ಛಾವಣಿ ದಾಟಿಸುವ ಶಾಖಕ್ಕೆ ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, 1.2 ವ್ಯಾಟಿನ ಮಿತಿ ಹಾಕಿದೆ. ಬರೀ ಸ್ಲ್ಯಾಬಿನಲ್ಲಿ ಈ ಅಂಕಿ ಮೂರನ್ನು ಮೀರುತ್ತದೆ, ಕೋಬಾ ಹಾಕಿದರೂ ಎರಡರ ಕೆಳಗೆ ಬರುವುದಿಲ್ಲ. ಒಂದಿಂಚು ಎಕ್ಸ್‌ಪಿಎಸ್ ಇದನ್ನು ಒಂದರ ಕೆಳಗೆ ತರುತ್ತದೆ.

ಬಿಳಿ ಥರ್ಮೋಕೋಲ್ ಅಗ್ಗ, ಆದರೆ ಮಣಿಗಳ ನಡುವಿನ ಸಂದಿಯಲ್ಲಿ ನೀರು ಸೇರುತ್ತದೆ. ನೀರು ಕುಡಿದ ಥರ್ಮೋಕೋಲು ಶಾಖ ತಡೆಯುವ ಗುಣವನ್ನು ಕಳೆದುಕೊಳ್ಳುತ್ತದೆ. ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಹಗುರ ಥರ್ಮೋಕೋಲು ಈ ಕೆಲಸಕ್ಕೆ ಸಲ್ಲದು. ಹಾಕುವುದೇ ಆದರೆ ಘನ ಮೀಟರಿಗೆ 20 ಕೆ.ಜಿ.ಗೆ ಕಡಿಮೆಯಿಲ್ಲದ ಸಾಂದ್ರತೆಯದ್ದನ್ನು ಕೇಳಿ. ಎಕ್ಸ್‌ಪಿಎಸ್‌ನ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಅದು ನೀರನ್ನು ಅಷ್ಟಾಗಿ ಹೀರುವುದಿಲ್ಲ, ತುಳಿದರೂ ತಾಳುತ್ತದೆ. ಹಾಗಾಗಿ ತಾರಸಿಯ ಮೇಲ್ಮೈಗೆ ನನ್ನ ಆಯ್ಕೆ ಅದೇ. ಪಫ್ ನೊರೆಯನ್ನು ಸಿಂಪಡಿಸಿದರೆ ಎಲ್ಲೂ ಸಂದು ಉಳಿಯುವುದಿಲ್ಲ, ಒಂದಿಂಚಿನ ತಡೆಯೂ ಇವೆರಡಕ್ಕಿಂತ ಹೆಚ್ಚು. ಆದರೆ ಬಿಸಿಲಿಗೆ ತೆರೆದಿಟ್ಟರೆ ಅದು ಕಂದಾಗಿ ಪುಡಿಪುಡಿಯಾಗುತ್ತದೆ, ಮೇಲೊಂದು ರಕ್ಷಣೆಯ ಪದರ ಬೇಕೇ ಬೇಕು. ಮೆಣಸಿನಕಾಯಿ ಹರವಿ, ಸಂಡಿಗೆ ಇಟ್ಟು, ಕಾಳು ಒಣಗಿಸುವ ತಾರಸಿಗೆ ಅದು ಹೇಳಿದ್ದಲ್ಲ. ಇವೆಲ್ಲವೂ ಬೆಂಕಿಗೆ ಸಿಕ್ಕರೆ ಉರಿದು ಕಡುಹೊಗೆ ಬಿಡುವ ವಸ್ತುಗಳು, ಯಾವುದನ್ನೂ ತೆರೆದಿಡಬಾರದು.

ಹಲಗೆ ಹಾಸುವ ಕ್ರಮದಲ್ಲಿ ತಪ್ಪಿದರೆ ವಸ್ತು ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಮೊದಲು ಇಳಿಜಾರು, ಅದರ ಮೇಲೆ ಜಲನಿರೋಧಕ ಪದರ, ಆಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಕೆಳಗಿನ ಛಾವಣಿಯಲ್ಲಿ ಒದ್ದೆ ಕಲೆ ಬರುತ್ತದೆಯೇ ಎಂದು ನೋಡುವುದು, ಒಣಗಿದ ಮೇಲೆ ಹಲಗೆ, ಹಲಗೆಯ ಮೇಲೆ ಬೇರ್ಪಡಿಸುವ ಹಾಳೆ, ಕೊನೆಗೆ ಜಾಲರಿ ಇಟ್ಟು ಎರಡು ಇಂಚಿನ ಕಾಂಕ್ರೀಟ್ ಹಾಸು. ಹೀಗೆ ಜಲನಿರೋಧಕ ಪದರ ಹಲಗೆಯ ಕೆಳಗಿದ್ದರೆ ಅದಕ್ಕೆ ಹಗಲಿನ ಕಾವೂ ತಾಗುವುದಿಲ್ಲ, ರಾತ್ರಿಯ ತಂಪಿಗೆ ಕುಗ್ಗುವ ಕಷ್ಟವೂ ಇಲ್ಲ, ಬಹುಕಾಲ ಬಾಳುತ್ತದೆ. ಹಲಗೆ ಹಗುರವಾದರೂ ಮೇಲಿನ ಕಾಂಕ್ರೀಟು ಚದರ ಮೀಟರಿಗೆ ನೂರು ಕೆ.ಜಿ. ಮೀರುತ್ತದೆ. ಆದ್ದರಿಂದ ಈಗಾಗಲೇ ದಪ್ಪ ಕೋಬಾ ಇದ್ದರೆ ಅದನ್ನು ಕಿತ್ತು ಹಾಕಿಸಬೇಕೇ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರರನ್ನು ಕೇಳಿಯೇ ತೀರ್ಮಾನಿಸಿ. ಓಡಾಡುವ ತಾರಸಿಗೆ ಜನ, ಸಾಮಾನುಗಳ ಭಾರವೆಂದು ನಮ್ಮ ದೇಶದ ಕಟ್ಟಡ ಸಂಹಿತೆ ಹಿಡಿಯುವುದೇ ಚದರ ಮೀಟರಿಗೆ ಸುಮಾರು 150 ಕೆ.ಜಿ. ಇನ್ನೊಂದು ಸಣ್ಣ ವಿಷಯ, ಕೆಲಸ ಮುಗಿದ ಮೇಲೆಯೇ ಬಹಳ ಮಂದಿಗೆ ಹೊಳೆಯುವಂಥದ್ದು: ಹಲಗೆ, ಹಾಸು, ಹೆಂಚು ಸೇರಿ ತಾರಸಿಯ ನೆಲ ನಾಲ್ಕು ಇಂಚು ಮೇಲೇಳುತ್ತದೆ. ಮೆಟ್ಟಿಲಕೋಣೆಯ ಹೊಸ್ತಿಲು ಅದಕ್ಕಿಂತ ತಗ್ಗಿದ್ದರೆ ಮೊದಲ ದೊಡ್ಡ ಮಳೆಯ ನೀರು ಮೆಟ್ಟಿಲಿಳಿದು ನಡುಮನೆಗೆ ಬರುತ್ತದೆ. ಟೇಪು ಹಿಡಿದು ಹೊಸ್ತಿಲನ್ನೂ ಮಳೆನೀರಿನ ಕೊಳವೆಯ ಬಾಯನ್ನೂ ಅಳೆದ ಮೇಲೆಯೇ ದರದ ಮಾತಾಡಿ.

ಒಳಗಿನಿಂದ ಮಾಡಿಸಿದರೆ?

ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವರಿಗೆ ತಾರಸಿ ತಮ್ಮದಲ್ಲ, ಮೇಲೆ ಏನನ್ನೂ ಮಾಡುವಂತಿಲ್ಲ. ಅಂಥವರಿಗೆ ಉಳಿಯುವುದು ಒಳಗಿನ ಫಾಲ್ಸ್ ಸೀಲಿಂಗ್. ಸ್ಲ್ಯಾಬಿಗೂ ಜಿಪ್ಸಮ್ ಹಲಗೆಗೂ ನಡುವೆ ಒಂದೆರಡು ಇಂಚು ಶಾಖನಿರೋಧಕವನ್ನಿಟ್ಟರೆ ಕೋಣೆಗೆ ಇಳಿಯುವ ಶಾಖ ಹೊರಗಿನ ಹಲಗೆಯಷ್ಟೇ ಕಡಿಮೆಯಾಗುತ್ತದೆ. ಬಿಸಿ ಸ್ಲ್ಯಾಬು ಕೆಳಮುಖವಾಗಿ ಬಿಡುವ ಕಾವಿನಲ್ಲಿ ಹೆಚ್ಚು ಪಾಲು ವಿಕಿರಣದ್ದಾದ ಕಾರಣ, ಹೊಳೆಯುವ ಅಲ್ಯೂಮಿನಿಯಂ ಹಾಳೆಯನ್ನು ಖಾಲಿ ಜಾಗದ ಕಡೆಗೆ ಮುಖ ಮಾಡಿ ಅಂಟಿಸಿದರೆ ಇನ್ನಷ್ಟು ಉಪಯೋಗ. ಸ್ವಂತ ಮನೆಯವರಿಗೆ ಮಾತ್ರ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಸ್ಲ್ಯಾಬು ಮೊದಲಿನಂತೆಯೇ ಕಾಯುತ್ತದೆ, ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ, ಪ್ಯಾರಾಪೆಟ್ ಗೋಡೆ ಸೇರುವಲ್ಲಿ ಬಿರುಕು ಬಿಡುವುದು ನಿಲ್ಲುವುದಿಲ್ಲ. ಆ ಬಿರುಕಿನಿಂದ ಸೋರಿದ ನೀರು ಸೀಲಿಂಗಿನ ಮರೆಯಲ್ಲಿ ಕಾಣದೆ ಕಂಬಿಗೆ ತುಕ್ಕು ಹಿಡಿಸುತ್ತದೆ.

ನೆರಳು

ಬಿಸಿಲು ತಾರಸಿಯನ್ನು ಮುಟ್ಟದಂತೆ ಮಾಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮಲೆನಾಡು, ಕರಾವಳಿಯಲ್ಲಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸುವುದನ್ನು ಜನ ಮುಖ್ಯವಾಗಿ ಮಳೆಗಾಗಿ, ಅಡಿಕೆ ಒಣಗಿಸಲಿಕ್ಕಾಗಿ ಮಾಡುತ್ತಾರೆ. ಅದೇ ಶೀಟು ಬೇಸಿಗೆಯಲ್ಲಿ ಕೆಳಗಿನ ಮನೆಯನ್ನೂ ಕಾಯುತ್ತದೆ. ಸುತ್ತಲೂ ಗಾಳಿಯಾಡುವಂತೆ ತೆರೆದಿಟ್ಟರೆ ಶೀಟು ಕಾದರೂ ಆ ಕಾವನ್ನು ಗಾಳಿ ಹೊತ್ತೊಯ್ಯುತ್ತದೆ. ಸುತ್ತ ಗೋಡೆ ಕಟ್ಟಿ ಮುಚ್ಚಿದರೆ ಅದು ಒಲೆಯಾಗುತ್ತದೆ. ಬಯಲುಸೀಮೆಯ ಮುಂಗಾರುಪೂರ್ವ ಬಿರುಗಾಳಿಗೆ ಶೀಟು ಹಾರುವುದನ್ನು ಪ್ರತಿ ವರ್ಷ ನೋಡುತ್ತೇವೆ. ಕಂಬಗಳನ್ನು ತಾರಸಿಯ ಹಾಸಿಗಲ್ಲ, ತೊಲೆ ಅಥವಾ ಪಿಲ್ಲರಿಗೆ ಬಿಗಿದಿರಬೇಕು. ಸ್ಥಳೀಯ ಸಂಸ್ಥೆಯ ಅನುಮತಿ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಸೌರ ಫಲಕ ಹಾಕಿಸುವ ಯೋಚನೆ ಇದ್ದವರಿಗೆ ನೆರಳು ಅದರ ಜೊತೆಗೇ ಸಿಗುತ್ತದೆ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ಜಾಗ ಬೇಕಾಗುವುದರಿಂದ, ಮೂರು ಕಿಲೋವ್ಯಾಟಿನ ಫಲಕಗಳು ಎರಡು ಕೋಣೆಗಳ ಮೇಲಿನ ಬಿಸಿಲನ್ನು ತಡೆಯುತ್ತವೆ. ಫಲಕಗಳನ್ನು ಎಲ್ಲಿ ಕೂರಿಸಬೇಕೆಂದು ಕೇಳಿದಾಗ ಮಲಗುವ ಕೋಣೆಯ ಮೇಲ್ಗಡೆಯನ್ನೇ ತೋರಿಸಿ.

ತಾರಸಿ ತೋಟ ಮನಸ್ಸಿಗೆ ಹಿತ, ಕೆಳಗಿನ ಕೋಣೆಗೂ ತಂಪು. ಆದರೆ ಒದ್ದೆ ಮಣ್ಣಿನ ಭಾರ, ಬೇರು, ಮೇ ತಿಂಗಳಲ್ಲಿ ನೀರಿನ ಕೊರತೆ, ಈ ಮೂರನ್ನೂ ನಿಭಾಯಿಸಬಲ್ಲವರಿಗೆ ಮಾತ್ರ. ಗೋಣಿಚೀಲ ಹಾಸಿ ನೀರು ಹೊಡೆಯುವುದು ಕೂಡ ಫಲ ಕೊಡುತ್ತದೆ, ಟ್ಯಾಂಕರಿಗೆ ಕಾಯುವ ಊರಿನಲ್ಲಿ ಅದನ್ನು ಸಲಹೆ ಮಾಡಲು ಮನಸ್ಸು ಬಾರದು.

ಯಾರಿಗೆ ಯಾವುದು

ಬೆಂಗಳೂರು, ಮೈಸೂರಿನಂಥ ಊರಿನಲ್ಲಿ, ಎ.ಸಿ. ಇಲ್ಲದ ಮನೆಗೆ, ಒಳ್ಳೆಯ ಬಿಳಿ ಬಣ್ಣ ಅಥವಾ ಬಿಳಿ ಹೆಂಚು ಸಾಕು. ಹಲಗೆಗೆ ಹಾಕುವ ಹಣವನ್ನು ಸೌರ ಫಲಕಕ್ಕೆ ಹಾಕುವುದು ಮೇಲು. ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದ ಕಡೆ ಸ್ವಂತ ಮನೆಯ ತಾರಸಿಗೆ ಹೇಗೂ ಜಲನಿರೋಧಕ ಕೆಲಸ ಮಾಡಿಸಬೇಕಾಗಿ ಬಂದಿದ್ದರೆ, ಅದೇ ಕೆಲಸದ ಜೊತೆಗೆ ಒಂದಿಂಚಿನಿಂದ ಎರಡು ಇಂಚಿನ ಎಕ್ಸ್‌ಪಿಎಸ್ ಸೇರಿಸಿ, ಮೇಲ್ಮೈಯನ್ನು ಬಿಳಿಯಾಗಿಯೇ ಮುಗಿಸಿ. ಎರಡೂ ಸೇರಿದರೆ ನಮ್ಮ ಕೋಣೆಯ 1,200 ವ್ಯಾಟು ನೂರರಿಂದ ನೂರೈವತ್ತರೊಳಗೆ ಬರುತ್ತದೆ. ಎ.ಸಿ. ಇದ್ದವರಿಗೆ ಈ ಖರ್ಚು ಬೇಗ ಹಿಂದಿರುಗುತ್ತದೆ. ಎ.ಸಿ. ಇಲ್ಲದವರು ಒಂದನ್ನು ನೆನಪಿಡಬೇಕು: ಶಾಖನಿರೋಧಕ ಪದರವು ಹೊರಗಿನ ಕಾವನ್ನು ತಡೆಯುವಂತೆ ಒಳಗೆ ಸೇರಿದ ಕಾವನ್ನೂ ಹೊರಗೆ ಬಿಡದು. ರಾತ್ರಿ ಹೊರಗಾಳಿ ತಂಪಾದ ಕೂಡಲೇ ಎದುರುಬದುರಿನ ಕಿಟಕಿಗಳನ್ನು ತೆರೆದು, ಬೆಳಗ್ಗೆ ಬಿಸಿಲೇರುವ ಮುಂಚೆ ಮುಚ್ಚುವ ಅಭ್ಯಾಸ ಬೇಕು. ಹಣವಿಲ್ಲದಿದ್ದರೆ ಸುಣ್ಣವೇ ಸರಿ, ಅದರಲ್ಲಿ ಕೀಳರಿಮೆ ಬೇಡ. ಕರಾವಳಿಯವರಿಗೆ ಗಾಳಿಯಾಡುವ ಎರಡನೇ ಮಾಡು ಮಳೆಗೂ ಬಿಸಿಲಿಗೂ ಒಂದೇ ಉತ್ತರ.

ತಾರಸಿ ಸೋರುತ್ತಿದ್ದರೆ ಮಾತ್ರ ಈ ಪಟ್ಟಿಯಲ್ಲಿ ಯಾವುದನ್ನೂ ಇನ್ನೂ ಮುಟ್ಟಬೇಡಿ. ಸೋರಿಕೆಯ ಜಾಗ ಮಳೆಗಾಲದಲ್ಲೇ ಕಾಣುವುದರಿಂದ ಆಗಲೇ ಬಳಪದಲ್ಲಿ ಗುರುತು ಮಾಡಿ ಫೋಟೋ ತೆಗೆದಿಟ್ಟುಕೊಳ್ಳಿ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಬಿರುಕು ಮುಚ್ಚಿಸಿ, ಜಲನಿರೋಧಕ ಮತ್ತು ಹಲಗೆಯ ಕೆಲಸವನ್ನು ಜನವರಿಯೊಳಗೆ ಮುಗಿಸಿದರೆ ಕಾಂಕ್ರೀಟ್ ಹಾಸಿಗೆ ಕಡುಬಿಸಿಲಿಲ್ಲದೆ ನೀರುಣಿಸಲು ಕಾಲ ಸಿಗುತ್ತದೆ. ಬಣ್ಣ ಅಥವಾ ಸುಣ್ಣವನ್ನು ಶಿವರಾತ್ರಿಯ ಆಸುಪಾಸಿನಲ್ಲಿ ಬಳಿಸಿ. ಹಲಗೆ ಹಾಸುವ ದಿನ ಮನೆಯವರೊಬ್ಬರು ಮೇಲೆ ನಿಂತು, ಕಾಂಕ್ರೀಟಿನಡಿ ಮುಚ್ಚಿಹೋಗುವ ಮುನ್ನ ಅದರ ದಪ್ಪವನ್ನು ಸ್ಕೇಲಿನಿಂದ ಅಳೆದು ನೋಡಿ.